ಉರಿಯುವ ಮುಖಕ್ಕೆ ಯಾವ ಎಣ್ಣೆ?

ಸೋಪು ಬದಲಾಯಿಸಿದರೆ ಕೆನ್ನೆ ಕೆಂಪು, ಬಿಸಿಲಿಗೆ ಹೋದರೆ ಉರಿ, ಕಡಲೆಹಿಟ್ಟು ಹಚ್ಚಿದರೂ ತುರಿಕೆ. ನಿಮ್ಮದೂ ಇಂಥ ಸೂಕ್ಷ್ಮ ಚರ್ಮವೇ? ಹಾಗಾದರೆ ಪಕ್ಕದ ಮನೆಯವರು ಹೇಳಿದರೆಂದು ಕೈಗೆ ಸಿಕ್ಕ ಎಣ್ಣೆ ಬಳಿದುಕೊಳ್ಳಬೇಡಿ.

ಎಣ್ಣೆಗಳೆಲ್ಲ ಒಂದೇ ಅಲ್ಲ. ಸಾಸಿವೆ ಎಣ್ಣೆ ಚರ್ಮವನ್ನು ಕೆರಳಿಸುತ್ತದೆ. ದುಬಾರಿ ಆಲಿವ್ ಎಣ್ಣೆಯೂ ಚರ್ಮದ ಹೊರಪದರವನ್ನು ದುರ್ಬಲಗೊಳಿಸುತ್ತದೆಂದು 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಅದೇ ಅಧ್ಯಯನದಲ್ಲಿ ಸೂರ್ಯಕಾಂತಿ ಎಣ್ಣೆ ಆ ಪದರವನ್ನು ಕೆಡಿಸಲಿಲ್ಲ. ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಒಳ್ಳೆಯದೇ. ಮೊಡವೆ ಏಳುವ ಮುಖಕ್ಕೆ ಮಾತ್ರ ಬೇಡ. ಘಮಘಮಿಸುವ ಎಣ್ಣೆ ಯಾವುದೂ ಬೇಡ. ಎಷ್ಟೋ ಸಲ ಅಲರ್ಜಿ ಬರುವುದು ಆ ಸುವಾಸನೆಯಿಂದಲೇ. ಕರಿದು ಉಳಿದ ಎಣ್ಣೆಯಂತೂ ಖಂಡಿತ ಕೂಡದು.

ಮೊದಲು ಮೊಣಕೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ನೋಡಿ. ದಿನಕ್ಕೆರಡು ಸಲದಂತೆ ಒಂದು ವಾರ. ಕೆಂಪಾಗದೆ, ತುರಿಸದೆ ಇದ್ದರೆ ಮಾತ್ರ ಮುಖಕ್ಕೆ. ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆದು, ಮೆತ್ತಗೆ ಒತ್ತಿ ಒರೆಸಿ, ಪಸೆ ಇರುವಾಗಲೇ ಎರಡು ಮೂರು ಹನಿ ಹಚ್ಚಿದರೆ ಸಾಕು. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇದ್ದ ನೀರನ್ನು ಹಿಡಿದಿಡುತ್ತದೆ ಅಷ್ಟೆ. ತಿಕ್ಕಬೇಡಿ.

ಉರಿ ಶುರುವಾಯಿತೇ? ತೊಳೆದುಬಿಡಿ. "ಅಭ್ಯಾಸ ಆಗುತ್ತೆ ಬಿಡೇ" ಅಂದವರ ಮಾತು ಕೇಳಬೇಡಿ. ಔಷಧಿ ಅಂಗಡಿಯಿಂದ ನೀವೇ ಸ್ಟೀರಾಯ್ಡ್ ಮುಲಾಮು ತಂದು ಹಚ್ಚಲೂ ಬೇಡಿ. ನಾಲ್ಕು ದಿನ ಮುಖ ಚೆನ್ನಾಗಿ ಕಂಡೀತು. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ಕೆಂಪು ಕಾಯಂ ಆದೀತು. ಊದಿಕೊಂಡರೆ, ನೀರು ಒಸರಿದರೆ ಚರ್ಮದ ಡಾಕ್ಟರಿಗೆ ತೋರಿಸಿ. ಮನೆಮಂದಿಯ ಆರೈಕೆಯ ನಡುವೆ ನಿಮ್ಮ ಮುಖಕ್ಕೂ ಅಷ್ಟು ಹೊತ್ತು ಕೊಡಿ.