ಅದಿನ್ನೂ ರನ್‌ವೇ ಬಿಟ್ಟಿಲ್ಲವೇ?

1977ರ ಮಾರ್ಚ್ 27, ಭಾನುವಾರ. ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದ ಪುಟ್ಟ ವಿಮಾನ ನಿಲ್ದಾಣ ಅಂದು ಕಿಕ್ಕಿರಿದಿತ್ತು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಅಲ್ಲಿಗೆ ಹೊರಟಿದ್ದ ಹಲವು ವಿಮಾನಗಳು ಇಲ್ಲಿ ಇಳಿದಿದ್ದವು. ಸಂಜೆಯ ಹೊತ್ತಿಗೆ ದಟ್ಟ ಮಂಜು ಕವಿಯಿತು. ಇದ್ದದ್ದು ಒಂದೇ ರನ್‌ವೇ. ಅದರ ತುದಿಯಲ್ಲಿ ಡಚ್ ಕಂಪನಿ ಕೆಎಲ್‌ಎಮ್‌ನ ಜಂಬೋ ಜೆಟ್ ಹಾರಲು ಸಜ್ಜಾಗಿ ನಿಂತಿತ್ತು. ಪ್ಯಾನ್ ಆಮ್‌ನ ಇನ್ನೊಂದು ಜಂಬೋ ಅದೇ ರನ್‌ವೇ ಮೇಲೆ ನಿಧಾನಕ್ಕೆ ಅದರ ಕಡೆಗೇ ಬರುತ್ತಿತ್ತು. ಕಂಟ್ರೋಲ್ ಟವರ್‌ಗೆ ಎರಡೂ ಕಾಣುತ್ತಿರಲಿಲ್ಲ.

ಹಾರಬೇಕಾದ ಮಾರ್ಗದ ವಿವರವನ್ನಷ್ಟೇ ಟವರ್ ಕೆಎಲ್‌ಎಮ್‌ಗೆ ಕೊಟ್ಟಿತ್ತು, ಹಾರಲು ಅನುಮತಿ ಕೊಟ್ಟಿರಲಿಲ್ಲ. ಅದನ್ನು ಮರಳಿ ಓದಿ ಹೇಳಿದ ಸಹಪೈಲಟ್, ಕೊನೆಗೆ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಸೇರಿಸಿದರು. ಹಾರಲು ಸಿದ್ಧವಾಗಿ ನಿಂತಿದ್ದಾರೆ ಎಂದುಕೊಂಡರು ಟವರ್‌ನವರು. ‘ಓಕೆ’ ಎಂದು, ಕ್ಷಣ ಬಿಟ್ಟು ‘ಕಾಯಿರಿ, ನಾನೇ ಕರೆಯುತ್ತೇನೆ’ ಎಂದರು. ಸರಿಯಾಗಿ ಆಗಲೇ ಪ್ಯಾನ್ ಆಮ್ ಪೈಲಟ್, ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದು ರೇಡಿಯೊದಲ್ಲಿ ಹೇಳಿದರು. ಎರಡು ದನಿಗಳೂ ಢಿಕ್ಕಿಯಾಗಿ ಕೆಎಲ್‌ಎಮ್‌ ಕಾಕ್‌ಪಿಟ್‌ಗೆ ಬರೀ ಕೀರಲು ಸದ್ದು ಕೇಳಿಸಿತು. ಅದಕ್ಕೆ ಮುಂಚಿನ ‘ಓಕೆ’ ಮಾತ್ರ ಸ್ಪಷ್ಟವಾಗಿತ್ತು.

ವಿಮಾನ ಆಗಲೇ ಓಡತೊಡಗಿತ್ತು.

ಆದರೂ ಇನ್ನೊಂದು ಅವಕಾಶವಿತ್ತು. ರನ್‌ವೇ ಖಾಲಿಯಾದಾಗ ತಿಳಿಸುತ್ತೇವೆ ಎಂದು ಪ್ಯಾನ್ ಆಮ್‌ನವರು ಹೇಳಿದ್ದು ಕೆಎಲ್‌ಎಮ್‌ನಲ್ಲಿ ಹಿಂದಿನ ಸೀಟಿನಲ್ಲಿದ್ದ ಫ್ಲೈಟ್ ಎಂಜಿನಿಯರ್ ಕಿವಿಗೆ ಬಿತ್ತು. ‘ಅದಿನ್ನೂ ರನ್‌ವೇ ಬಿಟ್ಟಿಲ್ಲವೇ?’ ಎಂದು ಅವರು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಎಂಜಿನಿಯರ್ ಮತ್ತೆ ಬಾಯಿ ತೆರೆಯಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎರಡೂ ವಿಮಾನಗಳು ಢಿಕ್ಕಿಯಾದವು; 583 ಜೀವ ಹೋದವು. ವಿಮಾನಯಾನದ ಇತಿಹಾಸದಲ್ಲಿ ಅಪಘಾತವೊಂದಕ್ಕೆ ಇಷ್ಟು ಜನ ಬಲಿಯಾದದ್ದು ಇನ್ನೊಂದಿಲ್ಲ.

ಸಂಘಟನೆಗಳಲ್ಲಿ ಜನ ಅಸ್ಪಷ್ಟ ಸನ್ನಿವೇಶಗಳಿಗೆ ಹೇಗೆ ಅರ್ಥ ಕಟ್ಟಿಕೊಳ್ಳುತ್ತಾರೆ ಎಂಬುದನ್ನೇ ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ವೈಕ್ ಈ ದುರಂತದ ಬಗ್ಗೆ 1990ರಲ್ಲಿ ವಿವರವಾಗಿ ಬರೆದರು. ಒತ್ತಡ ಹೆಚ್ಚಿದಂತೆ ಜನ ಹೊಸದಾಗಿ ಕಲಿತದ್ದನ್ನು ಬಿಟ್ಟು ಹಳೆಯ ರೂಢಿಗೆ ಮರಳುತ್ತಾರೆ ಎಂಬುದು ಅವರ ಮುಖ್ಯ ವಾದಗಳಲ್ಲೊಂದು. ಕೆಎಲ್‌ಎಮ್‌ ಕ್ಯಾಪ್ಟನ್ ವರ್ಷಗಟ್ಟಲೆ ಪೈಲಟ್‌ಗಳಿಗೆ ಸಿಮ್ಯುಲೇಟರ್‌ನಲ್ಲಿ ತರಬೇತಿ ಕೊಟ್ಟವರು. ಅಲ್ಲಿ ಟವರ್‌ಗೆ ಕಾಯುವ ಪ್ರಮೇಯವೇ ಇಲ್ಲ. ಜೊತೆಗೆ ಸಿಬ್ಬಂದಿಯ ಕೆಲಸದ ಅವಧಿಯ ಮಿತಿ ಮುಗಿಯುತ್ತ ಬಂದಿತ್ತು. ಪಕ್ಕದಲ್ಲಿದ್ದ ಸಹಪೈಲಟ್‌ರನ್ನು ಆ ಬಗೆಯ ವಿಮಾನ ಹಾರಿಸಲು ಅರ್ಹರೆಂದು ಪ್ರಮಾಣೀಕರಿಸಿದವರೂ ಇದೇ ಕ್ಯಾಪ್ಟನ್! ಅಂಥವರ ಮುಂದೆ ‘ನಿಲ್ಲಿಸಿ’ ಎನ್ನಲು ನಾಲಗೆ ಏಳುವುದು ಸುಲಭವಲ್ಲ. ಮಂಜಿನಷ್ಟೇ ಹುದ್ದೆಯ ಅಂತರವೂ ಅಂದು ಕಣ್ಣು ಕಟ್ಟಿತು ಎಂದೇ ಹೇಳಬೇಕು. ಸಂಶಯ ಬಂದವರಿಗೆ ಅದನ್ನು ಪ್ರಶ್ನೆಯಾಗಿ ಮೆಲ್ಲಗೆ ಕೇಳುವುದಷ್ಟೇ ಸಾಧ್ಯವಾಯಿತು; ದೊಡ್ಡವರು ಉತ್ತರ ಕೊಟ್ಟರು, ಅದೇ ಎಲ್ಲರ ಸತ್ಯವಾಯಿತು.

ಆನಂತರ ನಿಯಮಗಳು ಬದಲಾದವು. ನಿಜವಾಗಿ ಹಾರಲು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗಲಷ್ಟೇ ‘ಟೇಕಾಫ್’ ಪದ ಬಳಸಬೇಕೆಂದಾಯಿತು. ಕಿರಿಯರು ಧೈರ್ಯವಾಗಿ ಹೇಳುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ಕಲಿಸುವ ತರಬೇತಿ ಪ್ರಪಂಚದ ಪೈಲಟ್‌ಗಳಿಗೆಲ್ಲ ಬಂತು.

ಹೀಗಿದ್ದೂ 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು. ಎಂಟು ಮಂದಿ ಮಾತ್ರ ಉಳಿದರು. ಪ್ರಯಾಣದ ಬಹುಪಾಲು ನಿದ್ದೆಯಲ್ಲಿದ್ದ ಕ್ಯಾಪ್ಟನ್ ವಿಪರೀತ ಎತ್ತರದಿಂದ ಇಳಿಸಲು ಹೊರಟಿದ್ದರು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಇಲ್ಲಿ ಕಿರಿಯರು ಬಾಯಿ ಬಿಟ್ಟಿದ್ದರು, ನೇರವಾಗಿಯೇ. ಹಾಗಾದರೆ ಅವರೇಕೆ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ? ವಿಚಾರಣಾ ಸಮಿತಿ ಅದಕ್ಕೆ ಕೊಟ್ಟ ಸಂಭಾವ್ಯ ಕಾರಣ: ಇಂಥ ಹೊತ್ತಿನಲ್ಲಿ ಸಹಪೈಲಟ್‌ಗೆ ಆ ಅಧಿಕಾರ ಇದೆಯೋ ಇಲ್ಲವೋ ಎಂಬ ಬಗ್ಗೆ ಲಿಖಿತ ಸೂಚನೆಗಳೇ ಅಸ್ಪಷ್ಟವಾಗಿದ್ದವು.