ನೆತ್ತರಿನಲ್ಲೊಂದು ಅಕ್ಷರದೋಷ

ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠನಿರ್ಣಯಕ್ಕೆ ಕುಳಿತವರಿಗೆ ಅಕ್ಷರದೋಷವೆಂಬುದು ಎಷ್ಟು ಚಿಕ್ಕದು, ಎಷ್ಟು ದೀರ್ಘಾಯು ಎಂಬುದು ಚೆನ್ನಾಗಿ ಗೊತ್ತು. ಲಿಪಿಕಾರನ ಕೈ ಒಂದು ಗೆರೆಯನ್ನು ಹೆಚ್ಚಾಗಿ ಎಳೆಯಿತೆಂದರೆ ಪಕಾರ ಷಕಾರವಾಯಿತು. ಆ ಪ್ರತಿಯಿಂದ ನಕಲು ಮಾಡಿಕೊಂಡವನು ತಪ್ಪನ್ನೂ ಒಪ್ಪಿನಷ್ಟೇ ಶ್ರದ್ಧೆಯಿಂದ ಬರೆದುಕೊಂಡ. ಅವನ ಪ್ರತಿಯಿಂದ ಮತ್ತೊಬ್ಬ. ಮೂಲ ಹುಳು ತಿಂದು ಹೋಗಿದ್ದರೂ ತಪ್ಪು ಮಾತ್ರ ನೂರಾರು ವರ್ಷ ಬದುಕಿರುತ್ತದೆ. ಅಷ್ಟೇ ಅಲ್ಲ, ಯಾವ ಪ್ರತಿ ಯಾವುದರ ಮಗು ಎಂಬುದನ್ನು ಸಂಪಾದಕನು ಕಂಡುಹಿಡಿಯುವುದು ಅವುಗಳು ಹಂಚಿಕೊಂಡಿರುವ ತಪ್ಪುಗಳಿಂದಲೇ.

ನಮ್ಮ ಮೈಯೊಳಗೂ ಇಂಥದೊಂದು ಗ್ರಂಥವಿದೆಯೆಂದು ಜೀವವಿಜ್ಞಾನಿಗಳು ಹೇಳುತ್ತಾರೆ. ಡಿ.ಎನ್.ಎ. ಎಂಬ ಅದರ ಓಲೆಯಲ್ಲಿ ಇರುವ ಅಕ್ಷರಗಳು ನಾಲ್ಕೇ ಬಗೆಯವು. ಆದರೆ ಅವುಗಳ ಒಟ್ಟು ಸಂಖ್ಯೆ ಸುಮಾರು 300 ಕೋಟಿ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಕನ್ನಡ ಕಲಿಸುವವನಿಗೆ ಈ ವಿಷಯದಲ್ಲಿ ಮಾತನಾಡಲು ಏನು ಅಧಿಕಾರವೆಂದು ವಾಚಕರು ಕೇಳಿದರೆ ತಪ್ಪಿಲ್ಲ. ಅಧಿಕಾರವಿಲ್ಲ, ಕುತೂಹಲವುಂಟು. 2023ರ ನವೆಂಬರಿನಲ್ಲಿ ಬ್ರಿಟನ್ನು, ಮರುತಿಂಗಳು ಅಮೆರಿಕ, ಈ ಗ್ರಂಥವನ್ನೇ ತಿದ್ದಿ ಗುಣಪಡಿಸುವ ಒಂದು ಚಿಕಿತ್ಸೆಗೆ ಮೊಟ್ಟಮೊದಲ ಸಲ ಒಪ್ಪಿಗೆಯಿತ್ತ ಸುದ್ದಿಯನ್ನು ಓದಿದಾಗ, ತಿದ್ದಿದ್ದು ಯಾವ ಅಕ್ಷರವನ್ನು ಎಂಬ ಪ್ರಶ್ನೆ ನನ್ನಲ್ಲಿ ಎದ್ದಿತು. ಉತ್ತರ ನಾನು ನಿರೀಕ್ಷಿಸಿದ್ದಾಗಿರಲಿಲ್ಲ.

ರೋಗದ ಹೆಸರು ಕುಡುಗೋಲುಕಣದ ರಕ್ತಹೀನತೆ. ರಕ್ತದ ಕೆಂಪು ಕಣಗಳು ಸಹಜವಾಗಿ ದುಂಡಗೆ, ನಡುವೆ ತಗ್ಗಾಗಿ, ಮೆತ್ತಗಿರುತ್ತವೆ. ಎಂಥ ಕಿರಿದಾದ ನಾಳದಲ್ಲಿಯೂ ಬಳುಕಿ ನುಸುಳುತ್ತವೆ. ಈ ರೋಗಿಗಳಲ್ಲಿ ಅವು ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಬಾಗಿ, ಬಿರುಸಾಗಿ, ಕುಡುಗೋಲಿನ ಆಕಾರ ತಾಳುತ್ತವೆ. ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ದಾರಿ ಕಟ್ಟುತ್ತವೆ. ಸಹಜವಾದ ಕಣ 120 ದಿನ ಬಾಳಿದರೆ ಇವು ಹತ್ತಿಪ್ಪತ್ತು ದಿನಗಳಲ್ಲಿ ಒಡೆದುಹೋಗುತ್ತವೆ. ರಕ್ತ ಹರಿಯದ ಕಡೆ ನೋವು. ಮೂಳೆಯೊಳಗೆ, ಎದೆಯಲ್ಲಿ, ಬೆನ್ನಿನಲ್ಲಿ, ಮತ್ತೆ ಮತ್ತೆ. ಪಾಶ್ಚಾತ್ಯ ವೈದ್ಯರು ಇದಕ್ಕೆ ಹೆಸರಿಡುವುದಕ್ಕೆ ಎಷ್ಟೋ ಮೊದಲೇ ಪಶ್ಚಿಮ ಆಫ್ರಿಕದ ಜನರಲ್ಲಿ ಅದಕ್ಕೆ ಹೆಸರುಗಳಿದ್ದವು. ಘಾನಾ ದೇಶದ ಗಾ ನುಡಿಯಲ್ಲಿ ಅದು ‘ಚ್ವೆಚ್ವೆಚ್ವೆ’. ನೋವು ಕಡಿಯುವುದು, ಬಿಡುವುದು, ಮತ್ತೆ ಕಡಿಯುವುದು, ಎಲ್ಲವೂ ಆ ಶಬ್ದದಲ್ಲಿಯೇ ಇದೆ. ನಮ್ಮ ವೈಯಾಕರಣರು ಕಂಡಿದ್ದರೆ ಅನುಕರಣಪದಗಳ ಪಟ್ಟಿಯಲ್ಲಿ ಇದಕ್ಕೊಂದು ಸ್ಥಾನ ಕೊಡುತ್ತಿದ್ದರು.

ವೈದ್ಯಶಾಸ್ತ್ರದ ದಫ್ತರಕ್ಕೆ ಈ ರೋಗ ಸೇರಿದ್ದು ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಇಪ್ಪತ್ತರ ಹರೆಯದ ವಿದ್ಯಾರ್ಥಿಯ ಮೂಲಕ. ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದವನು. ದಂತವೈದ್ಯ ಕಲಿಯಲೆಂದು 1904ರಲ್ಲಿ ಶಿಕಾಗೋ ನಗರಕ್ಕೆ ಬಂದವನು. ಆ ವರ್ಷದ ಕೊನೆಯಲ್ಲಿ ಆಸ್ಪತ್ರೆ ಸೇರಿದಾಗ ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯ ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿಚಿತ್ರಾಕಾರದ ಕಣಗಳನ್ನು ಗುರುತಿಸಿದ. ಹಿರಿಯ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಅದನ್ನು ಪ್ರಕಟಿಸಿದರು. ಲೇಖನದಲ್ಲಿ ರೋಗಿಯ ಹೆಸರಿಲ್ಲ. ನೋಯೆಲ್ ಓದು ಮುಗಿಸಿ ಊರಿಗೆ ಹಿಂದಿರುಗಿ, ಕೆಲವು ವರ್ಷ ಹಲ್ಲಿನ ವೈದ್ಯನಾಗಿದ್ದು, 1916ರಲ್ಲಿ ತೀರಿಕೊಂಡ. ಆಗ ಅವನಿಗೆ 32 ವರ್ಷ.

ಕಣದ ಆಕಾರ ಕೆಡುವುದು ಏಕೆ? ಲೈನಸ್ ಪಾಲಿಂಗ್ ರಸಾಯನವಿಜ್ಞಾನಿ, ವೈದ್ಯನಲ್ಲ. ಆಮ್ಲಜನಕ ಕಡಿಮೆಯಾದ ರಕ್ತದಲ್ಲಿಯೇ ಕಣಗಳು ಬಾಗುತ್ತವೆಂಬ ಮಾತು 1945ರಲ್ಲಿ ಅವರ ಕಿವಿಗೆ ಬಿದ್ದಾಗ, ಹಾಗಾದರೆ ದೋಷವಿರುವುದು ಕಣದಲ್ಲಲ್ಲ, ಅದರೊಳಗಿನ ಹೀಮೊಗ್ಲೋಬಿನ್ನಿನಲ್ಲಿ ಎಂದು ಒಡನೆಯೇ ಊಹಿಸಿದರು. 1949ರಲ್ಲಿ ಅವರೂ ಹಾರ್ವೆ ಇಟಾನೊ ಮೊದಲಾದ ಸಂಗಡಿಗರೂ ರೋಗಿಯ ಹೀಮೊಗ್ಲೋಬಿನ್ ವಿದ್ಯುತ್‌ಕ್ಷೇತ್ರದಲ್ಲಿ ಬೇರೆ ವೇಗದಿಂದ ಚಲಿಸುವುದನ್ನು ತೋರಿಸಿ, ಇದನ್ನು ‘ಅಣುವಿನ ರೋಗ’ವೆಂದು ಕರೆದರು. ರೋಗಕ್ಕೆ ಒಂದು ಅಣುವನ್ನೇ ಹೊಣೆಮಾಡಿದ ಮೊದಲ ಮಾತು ಅದು.

ಅನಂತರ ನಡೆದುದು ನನ್ನ ಕಣ್ಣಿಗೆ ಅಪ್ಪಟ ಪಾಠಶೋಧನೆ. 1956ರಲ್ಲಿ ಕೇಂಬ್ರಿಜ್ಜಿನಲ್ಲಿ ವರ್ನನ್ ಇನ್‌ಗ್ರಾಂ ಎಂಬುವರು ಆರೋಗ್ಯವಂತರ ಹೀಮೊಗ್ಲೋಬಿನ್, ರೋಗಿಗಳ ಹೀಮೊಗ್ಲೋಬಿನ್ ಎರಡನ್ನೂ ಒಂದೇ ಕಿಣ್ವದಿಂದ ತುಂಡು ತುಂಡು ಮಾಡಿ, ಕಾಗದದ ಮೇಲೆ ಹರಡಿ, ಮೂಡಿದ ಸುಮಾರು 30 ಮಚ್ಚೆಗಳನ್ನು ಎದುರುಬದಿರಿಟ್ಟು ಹೋಲಿಸಿದರು. ಉಳಿದೆಲ್ಲವೂ ಒಂದೇ, ಒಂದು ಮಚ್ಚೆ ಮಾತ್ರ ಸ್ಥಳ ಬದಲಿಸಿತ್ತು. ಮುಂದಿನ ವರ್ಷ ಆ ತುಂಡಿನಲ್ಲಿ ವ್ಯತ್ಯಾಸವೇನೆಂಬುದೂ ತಿಳಿಯಿತು. ಹೀಮೊಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೊ ಆಮ್ಲಗಳು. ಆರನೆಯದು ಗ್ಲುಟಾಮಿಕ್ ಆಮ್ಲವಾಗಿರಬೇಕಾದ ಕಡೆ ವ್ಯಾಲಿನ್ ಇದೆ. ಡಿ.ಎನ್.ಎ. ಓಲೆಯಲ್ಲಿ ನೋಡಿದರೆ ‘ಜಿ-ಎ-ಜಿ’ ಎಂದಿರಬೇಕಾದುದು ‘ಜಿ-ಟಿ-ಜಿ’ ಎಂದಾಗಿದೆ. ಒಂದೇ ಅಕ್ಷರ. ಆ ಒಂದು ವ್ಯಾಲಿನ್ ಅಂಟಿನಂತೆ ವರ್ತಿಸಿ, ಆಮ್ಲಜನಕವಿಲ್ಲದ ಹೀಮೊಗ್ಲೋಬಿನ್ ಅಣುಗಳು ಒಂದಕ್ಕೊಂದು ಹತ್ತಿಕೊಂಡು ಉದ್ದನೆಯ ಕಡ್ಡಿಗಳಾಗುತ್ತವೆ; ಕಡ್ಡಿ ಕಣವನ್ನು ಒಳಗಿನಿಂದ ಬಾಗಿಸುತ್ತದೆ.

ಇಷ್ಟು ಕೇಡು ಮಾಡುವ ತಪ್ಪು ಅಳಿಯದೆ ಉಳಿದುದು ಹೇಗೆ? ಇಲ್ಲಿ ನನ್ನ ಓಲೆಗರಿಯ ಹೋಲಿಕೆ ಸ್ವಲ್ಪ ತಡವರಿಸುತ್ತದೆ. ಏಕೆಂದರೆ ಇದು ಬರಿಯ ತಪ್ಪಲ್ಲ. ಎರಡು ಪ್ರತಿಗಳಲ್ಲಿಯೂ ದೋಷವಿದ್ದವರಿಗೆ ರೋಗ. ಒಂದರಲ್ಲಿ ಮಾತ್ರ ಇದ್ದವರು ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುತ್ತಾರೆ, ಮೇಲಾಗಿ ತೀವ್ರವಾದ ಮಲೇರಿಯಾದಿಂದ ಅವರಿಗೆ ರಕ್ಷಣೆ ದೊರೆಯುತ್ತದೆ. ರಕ್ತದ ಇನ್ನೊಂದು ಆನುವಂಶಿಕ ರೋಗವಾದ ಥಲಸ್ಸೀಮಿಯದ ಬಗ್ಗೆ ಇಂಥ ಊಹೆಯನ್ನು 1949ರಲ್ಲಿ ಮುಂದಿಟ್ಟವರು ಜೆ.ಬಿ.ಎಸ್. ಹಾಲ್ಡೇನ್, 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ಕಾಲವಾದ ಅದೇ ಹಾಲ್ಡೇನ್. ಕುಡುಗೋಲುಕಣದ ಮಟ್ಟಿಗೆ ಅದನ್ನು 1954ರಲ್ಲಿ ಪೂರ್ವ ಆಫ್ರಿಕದಲ್ಲಿ ತೋರಿಸಿದವರು ಆಂಟನಿ ಆಲಿಸನ್. ಸೊಳ್ಳೆಯ ನಾಡಿನಲ್ಲಿ ಈ ಪಾಠಾಂತರ ಎಷ್ಟೋ ಮಕ್ಕಳನ್ನು ಉಳಿಸಿತು. ಉಳಿಸಿದ್ದಕ್ಕೆ ಬೆಲೆಯನ್ನು ಬೇರೆ ಮಕ್ಕಳಿಂದ ಪಡೆಯಿತು. ಮಲೇರಿಯಾ ಇದ್ದ ಹಲವು ಕಡೆ ಅದೂ ಇದೆ: ಆಫ್ರಿಕ, ಅರಬ್ಬೀ ನಾಡು, ಮಧ್ಯಭಾರತದ ಕಾಡುಗಳು. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟಿನವರಲ್ಲಿ ಅದನ್ನು ಕಂಡರು. ಬೆಟ್ಟದ ಈಚೆಗೆ, ನಮ್ಮ ಸೋಲಿಗರಲ್ಲಿ, ಜೇನುಕುರುಬರಲ್ಲಿಯೂ ಉಂಟು.

ಇನ್ನು ಚಿಕಿತ್ಸೆಯ ಮಾತು. ಅದರ ಬೀಜ ಬಿದ್ದದ್ದು ಒಂದು ಸಣ್ಣ ಗಮನಿಕೆಯಲ್ಲಿ. 1948ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮಕ್ಕಳ ವೈದ್ಯೆಯಾಗಿದ್ದ ಜಾನೆಟ್ ವಾಟ್ಸನ್, ಈ ದೋಷವನ್ನು ಹೊತ್ತು ಹುಟ್ಟಿದ ಹಸುಳೆಗಳಲ್ಲಿ ಮೊದಲ ಕೆಲವು ತಿಂಗಳು ರೋಗ ಕಾಣಿಸಿಕೊಳ್ಳುವುದಿಲ್ಲವೆಂಬುದನ್ನು ಗುರುತಿಸಿದರು. ಕಾರಣವಿಷ್ಟೆ: ಬಸಿರಿನಲ್ಲಿರುವಾಗ ಮಗುವಿನ ಹೀಮೊಗ್ಲೋಬಿನ್ನೇ ಬೇರೆ, ಅದನ್ನು ಬರೆದಿರುವ ಓಲೆಯೇ ಬೇರೆ. ಹುಟ್ಟಿ ಆರು ತಿಂಗಳಾಗುವುದರೊಳಗೆ ಆ ಓಲೆಯನ್ನು ಮೈ ಕಟ್ಟಿ ಅಟ್ಟಕ್ಕೆ ಹಾಕಿ, ದೊಡ್ಡವರ ಓಲೆಯನ್ನು ಬಿಚ್ಚುತ್ತದೆ. ರೋಗವೂ ಆಗ ಬಿಚ್ಚಿಕೊಳ್ಳುತ್ತದೆ. ಎಲ್ಲೋ ಕೆಲವರಲ್ಲಿ ಹುಟ್ಟಿನಿಂದಲೇ ಹಳೆಯ ಓಲೆ ಮುಚ್ಚಿಕೊಳ್ಳುವುದಿಲ್ಲ. ಅವರು ದೋಷವಿದ್ದೂ ಸುಖವಾಗಿರುತ್ತಾರೆ. ಅಮೆರಿಕದಲ್ಲಿ 1998ರಲ್ಲಿ ಈ ರೋಗಕ್ಕೆ ಒಪ್ಪಿಗೆ ಪಡೆದ ಹೈಡ್ರಾಕ್ಸಿಯೂರಿಯ ಎಂಬ ಮಾತ್ರೆ, ಹಸುಳೆಯ ಹೀಮೊಗ್ಲೋಬಿನ್ನನ್ನು ಅಷ್ಟಿಷ್ಟು ಮರಳಿಸಿಯೇ ರೋಗಿಗಳ ನೋವನ್ನು ತಗ್ಗಿಸುತ್ತ ಬಂದಿದೆ.

ಆ ಓಲೆಯನ್ನು ಮುಚ್ಚುವವರು ಯಾರು? 2008ರಲ್ಲಿ ಬಾಸ್ಟನ್ನಿನಲ್ಲಿ ಸ್ಟುವರ್ಟ್ ಆರ್ಕಿನ್, ವಿಜಯ್ ಶಂಕರನ್ ಮತ್ತವರ ಸಂಗಡಿಗರು ಆ ಕಾವಲುಗಾರನನ್ನು ಹಿಡಿದರು. ಅವನ ಹೆಸರು ಬಿ.ಸಿ.ಎಲ್. 11ಎ. ಆದರೆ ಅವನನ್ನು ಪೂರ್ತಿಯಾಗಿ ಕೊಲ್ಲುವಂತಿಲ್ಲ, ಮೈಯ ಬೇರೆ ಕಡೆಗಳಲ್ಲಿ ಅವನಿಂದ ಆಗಬೇಕಾದ ಕೆಲಸಗಳಿವೆ. ಕೆಂಪು ಕಣಗಳ ವಂಶದಲ್ಲಿ ಮಾತ್ರ ಅವನನ್ನು ಎಬ್ಬಿಸುವ ಒಂದು ಸಣ್ಣ ವಾಕ್ಯ ಗ್ರಂಥದಲ್ಲಿ ಬೇರೆಯಾಗಿದೆಯೆಂಬುದು 2013ರಲ್ಲಿ ಗೊತ್ತಾಯಿತು. ಅದನ್ನು ಕತ್ತರಿಸಿದರೆ ಸಾಕು.

ಕತ್ತರಿ ಎಲ್ಲಿಂದ ಬಂತೆಂಬುದು ಸೊಗಸಾದ ಕಥೆ. ಏಕಾಣುಜೀವಿಗಳ ಡಿ.ಎನ್.ಎ.ಯಲ್ಲಿ ಪಲ್ಲವಿಯಂತೆ ಮರುಕಳಿಸುವ ಸಾಲುಗಳಿರುವುದನ್ನು 1987ರಲ್ಲಿ ಜಪಾನಿನಲ್ಲಿ ಕಂಡರು, ಅರ್ಥವಾಗಲಿಲ್ಲ. ಸ್ಪೇನಿನ ಉಪ್ಪುನೀರಿನ ಜೀವಿಗಳನ್ನು ಓದುತ್ತಿದ್ದ ಫ್ರಾನ್ಸಿಸ್ಕೊ ಮೊಹಿಕಾ, ಪಲ್ಲವಿಗಳ ನಡುವೆ ಇರುವವು ವೈರಸ್ಸುಗಳಿಂದ ಎತ್ತಿಕೊಂಡ ತುಣುಕುಗಳೆಂದು ಗುರುತಿಸಿದರು. 2007ರಲ್ಲಿ ಡಾನಿಸ್ಕೊ ಎಂಬ ಡೆನ್ಮಾರ್ಕಿನ ಸಂಸ್ಥೆಯವರು ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಗಳಲ್ಲಿ ಅದನ್ನು ಪ್ರಯೋಗದಿಂದ ತೋರಿಸಿದರು: ಒಮ್ಮೆ ದಾಳಿ ಮಾಡಿದ ವೈರಸ್ಸಿನ ಗುರುತನ್ನು ಬರೆದಿಟ್ಟುಕೊಂಡು, ಮರಳಿ ಬಂದಾಗ ಅದನ್ನು ಕತ್ತರಿಸಿಹಾಕುವ ಏರ್ಪಾಡು. ನಮ್ಮ ಮನೆಯ ಹೆಪ್ಪಿನಲ್ಲಿಯೂ ಇಂಥ ಯುದ್ಧ ನಡೆಯುತ್ತಿರಬಹುದೆಂದು ನೆನೆದರೆ ಮೊಸರನ್ನದ ಮೇಲೆ ಗೌರವ ಹೆಚ್ಚುತ್ತದೆ. 2012ರಲ್ಲಿ ಎಮ್ಮಾನ್ಯುಯೆಲ್ ಶಾರ್ಪಾಂತಿಯೆ, ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳೆಯರು ಆ ಕತ್ತರಿಗೆ ನಾವು ಬೇಕೆಂದ ಸ್ಥಳವನ್ನೇ ತೋರಿಸಿ ಕತ್ತರಿಸಬಹುದೆಂದು ಸಾಧಿಸಿದರು. 2020ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಕ್ರಿಸ್ಪರ್ ಎಂದು ಎಲ್ಲರ ಬಾಯಲ್ಲಿರುವುದು ಇದೇ.

ಈಗ ನನ್ನ ಪ್ರಶ್ನೆಗೆ ಉತ್ತರ. 2023ರಲ್ಲಿ ಒಪ್ಪಿಗೆ ಪಡೆದ, ಕ್ಯಾಸ್‌ಜೆವಿ ಎಂಬ ಹೆಸರಿನ ಆ ಚಿಕಿತ್ಸೆ, ತಪ್ಪಾದ ಅಕ್ಷರವನ್ನು ತಿದ್ದುವುದೇ ಇಲ್ಲ! ಅದು ಇದ್ದಲ್ಲಿಯೇ ಇರುತ್ತದೆ. ಕಾವಲುಗಾರನನ್ನು ಎಬ್ಬಿಸುವ ವಾಕ್ಯವನ್ನು ಮುರಿದು, ಹಸುಳೆತನದಲ್ಲಿ ಮುಚ್ಚಿಹೋಗಿದ್ದ ಓಲೆಯನ್ನು ಮತ್ತೆ ಬಿಚ್ಚಿಸುತ್ತದೆ, ಅಷ್ಟೆ. ಈ ಪ್ರತಿಯ ಸಾಲು ಕೆಟ್ಟಿದೆಯೆಂದು ತಿಳಿದ ಸಂಪಾದಕ ಅದನ್ನು ಮುಟ್ಟದೆ, ಅಟ್ಟದಿಂದ ಹಳೆಯ ಪ್ರತಿಯನ್ನು ಇಳಿಸಿ ಅದರಿಂದ ಓದಿದಂತೆ. ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬಂದ 31 ರೋಗಿಗಳಲ್ಲಿ 29 ಮಂದಿಗೆ ಕಡೆಯಪಕ್ಷ ಒಂದು ವರ್ಷ ಸತತವಾಗಿ ತೀವ್ರವಾದ ನೋವಿನ ಸರದಿ ಬರಲಿಲ್ಲ.

ಅಕ್ಷರವನ್ನೇ ತಿದ್ದುವ ಯತ್ನಗಳೂ ಇಲ್ಲದಿಲ್ಲ. ಅವುಗಳಲ್ಲೊಂದು ನನಗೆ ಬಹಳ ಹಿಡಿಸಿತು. ಡೇವಿಡ್ ಲಿಯು ಎಂಬುವರ ಪ್ರಯೋಗಶಾಲೆಯಲ್ಲಿ ರೂಪಗೊಂಡ, ಓಲೆಯನ್ನು ತುಂಡರಿಸದೆ ಒಂದಕ್ಷರವನ್ನು ಮಾತ್ರ ಬದಲಾಯಿಸುವ ಸಾಧನಕ್ಕೆ ಈ ತಪ್ಪನ್ನು ನೇರವಾಗಿ ಮೂಲಕ್ಕೆ ತರುವ ಶಕ್ತಿಯಿಲ್ಲ. ‘ಜಿ-ಟಿ-ಜಿ’ಯನ್ನು ಅದು ‘ಜಿ-ಸಿ-ಜಿ’ ಮಾಡಬಲ್ಲದು. ಇದು ಮೂಲಪಾಠವೂ ಅಲ್ಲ, ಅಪಪಾಠವೂ ಅಲ್ಲ. ಆದರೆ ಇದೇ ಪಾಠವನ್ನು ಹೊತ್ತ ಜನ ಇಂಡೊನೇಷ್ಯದ ಮಕಾಸ್ಸರಿನಲ್ಲಿ ಮೊದಲೇ ಕಂಡುಬಂದಿದ್ದರು. ಅವರಿಗೆ ಅದರಿಂದ ತೊಂದರೆಯಿರಲಿಲ್ಲ. 2021ರಲ್ಲಿ ಇಲಿಗಳಲ್ಲಿ ಈ ಮೂರನೆಯ ಪಾಠವನ್ನು ಮೂಡಿಸಿ ರೋಗವನ್ನು ತಡೆದು ತೋರಿಸಿದರು. ಮೂಲ ಸಿಕ್ಕದಿದ್ದಲ್ಲಿ ಅರ್ಥ ಕೆಡದ ಪಾಠವನ್ನು ಸ್ವೀಕರಿಸಬಹುದೆಂದು ನಾವು ತರಗತಿಯಲ್ಲಿ ಹೇಳುವುದಿಲ್ಲವೆ!

ಈ ಹೋಲಿಕೆಯ ಸೊಗಸಿನಲ್ಲಿ ರೋಗಿಯ ಪಾಡನ್ನು ಮರೆಯುವಂತಿಲ್ಲ. ಮೊದಲು ರೋಗಿಯ ರಕ್ತದಿಂದ ಮೂಲಕಣಗಳನ್ನು ಸೋಸಿ ತೆಗೆದು ಪ್ರಯೋಗಶಾಲೆಗೆ ಕಳುಹಿಸಬೇಕು. ಅಲ್ಲಿ ಕತ್ತರಿ ಆಡಿಸಿ, ಪರೀಕ್ಷಿಸಿ, ಹಿಂದಕ್ಕೆ ತರಿಸುವುದಕ್ಕೆ ತಿಂಗಳುಗಳು. ಬಳಿಕ, ಹೊಸ ಕಣಗಳಿಗೆ ಜಾಗವಾಗಲೆಂದು, ಕ್ಯಾನ್ಸರಿಗೆ ಬಳಸುವಂಥ ಉಗ್ರವಾದ ಔಷಧದಿಂದ ಅಸ್ಥಿಮಜ್ಜೆಯಲ್ಲಿದ್ದ ಹಳೆಯ ಕಣಗಳನ್ನು ನಾಶಮಾಡಬೇಕು. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ವಾರಗಟ್ಟಲೆ ಆಸ್ಪತ್ರೆಯ ಕೋಣೆಯೇ ಲೋಕ. ಮುಂದೆ ಮಕ್ಕಳಾಗದಿರುವ ಭಯವೂ ಇದೆ. ಅಮೆರಿಕದಲ್ಲಿ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರು, ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಮೇಲೆ. ಬ್ರಿಟನ್ನಿನಲ್ಲಿ 2025ರಲ್ಲಿ ಸರ್ಕಾರದ ಆರೋಗ್ಯಸೇವೆಯೇ ಇದನ್ನು ಕೊಡುವುದಾಗಿ ಒಪ್ಪಿತು. ಆಫ್ರಿಕದ ಹಳ್ಳಿಗಳಿಗೆ, ನಮ್ಮ ಕಾಡಿನ ಹಾಡಿಗಳಿಗೆ ಇದು ತಲಪುವ ಬಗೆ ಇನ್ನೂ ಕಾಣದು. ರೋಗ ಎಲ್ಲಿ ಹೆಚ್ಚೋ ಅಲ್ಲಿ ಹಣ ಕಡಿಮೆ. ಇದನ್ನು ವಿಜ್ಞಾನದ ತಪ್ಪೆನ್ನಲಾಗದು. ಆದರೆ ವಿಜಯದ ಸುದ್ದಿಯೊಂದಿಗೆ ಇದನ್ನೂ ಹೇಳದಿದ್ದರೆ ಸುದ್ದಿ ಅರ್ಧವಾಗುತ್ತದೆ.

ನಮ್ಮಲ್ಲಿ ಏನೂ ನಡೆಯುತ್ತಿಲ್ಲವೆಂದಲ್ಲ. ದೆಹಲಿಯ ಸಿ.ಎಸ್.ಐ.ಆರ್. ಸಂಸ್ಥೆಯೊಂದರಲ್ಲಿ ಇದೇ ರೋಗಕ್ಕಾಗಿ ಸ್ವದೇಶಿ ಕತ್ತರಿಯೊಂದು ಸಿದ್ಧವಾಗಿದೆ. ಬೆಲೆಯನ್ನು ಇಳಿಸುವುದೇ ಅದರ ಮುಖ್ಯ ಗುರಿ. 2025ರ ನವೆಂಬರಿನಲ್ಲಿ ಅದಕ್ಕೆ ಬಿರ್ಸಾ ಮುಂಡಾ ಅವರ ಹೆಸರಿಟ್ಟರು. ಅದಕ್ಕೆ ಮೊದಲೇ, 2023ರ ಜುಲೈ 1ರಂದು, ಮಧ್ಯಪ್ರದೇಶದ ಶಹಡೋಲಿನಲ್ಲಿ ಈ ರೋಗದ ನಿರ್ಮೂಲನಕ್ಕೆಂದು ರಾಷ್ಟ್ರೀಯ ಆಂದೋಲನವೊಂದು ಆರಂಭವಾಗಿತ್ತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ, 40 ವರ್ಷದೊಳಗಿನ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸುವುದು ಅದರ ಉದ್ದೇಶ. ಬೆರಳ ತುದಿಯಿಂದ ಒಂದು ಹನಿ ರಕ್ತ, ಕೈಯಲ್ಲೊಂದು ಕಾರ್ಡು. ರೋಗವಿದ್ದವರಿಗೆ ಹೈಡ್ರಾಕ್ಸಿಯೂರಿಯ ಮಾತ್ರೆ.

ಆ ಕಾರ್ಡನ್ನು ಮದುವೆಗೆ ಮುಂಚೆ ಇಬ್ಬರೂ ನೋಡಿಕೊಳ್ಳಬೇಕೆಂದು ಹೇಳುತ್ತಾರೆ. ಇಬ್ಬರಲ್ಲಿಯೂ ಒಂದೊಂದು ಪ್ರತಿ ದೋಷವುಳ್ಳದ್ದಾದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಈ ಲೆಕ್ಕ ಲಂಡನ್ನಿನಲ್ಲಿ ಕೋಟಿಗಟ್ಟಲೆ ಬೆಲೆಯ ಚಿಕಿತ್ಸೆ ಪಡೆದು ಗುಣವಾದವನನ್ನೂ ಬಿಟ್ಟಿಲ್ಲ. ಕತ್ತರಿ ಆಡಿದ್ದು ಅವನ ರಕ್ತದ ಮೂಲಕಣಗಳಲ್ಲಿ ಮಾತ್ರ. ಸಂತಾನಕ್ಕೆ ಹೋಗುವ ಪ್ರತಿಯನ್ನು ಯಾರೂ ಮುಟ್ಟಿಲ್ಲ, ಮುಟ್ಟಬಾರದೆಂದೇ ಲೋಕದ ಹಲವು ದೇಶಗಳ ಕಟ್ಟಳೆ. ಅವನು ನೋವಿಲ್ಲದೆ ಬಾಳುತ್ತಾನೆ. ಅವನ ಮಕ್ಕಳು ಮಾತ್ರ ‘ಜಿ-ಟಿ-ಜಿ’ ಎಂದಿರುವ ಆ ಹಳೆಯ ಪಾಠದೊಂದಿಗೇ ಹುಟ್ಟುತ್ತಾರೆ.