ಡಚ್ ರಮ್ಯ ಚಿತ್ರಕಲೆಯಲ್ಲಿ ಚಳಿಗಾಲದ ಗ್ರಾಮಜೀವನ

ಚಳಿಗಾಲದ ಗ್ರಾಮೀಣ ಭೂದೃಶ್ಯವು 19ನೆಯ ಶತಮಾನದ ಡಚ್ ರಮ್ಯ ಚಿತ್ರಕಲೆಯ ಒಂದು ಜನಪ್ರಿಯ ಪ್ರಕಾರ. ಹೆಪ್ಪುಗಟ್ಟಿದ ಕಾಲುವೆ, ಅದರ ಮೇಲೆ ಜಾರುತ್ತ ಸಾಗುವ ಹಳ್ಳಿಗರು, ಗಾಳಿಗಿರಣಿ ಮತ್ತು ಎಲೆ ಉದುರಿದ ಮರಗಳು ಇದರ ಮುಖ್ಯ ವಸ್ತುಗಳು. ಹಳ್ಳಿಯ ಬದುಕನ್ನು ಇದ್ದಂತೆ ದಾಖಲಿಸುವುದಕ್ಕಿಂತ ಅದರ ನೆಮ್ಮದಿಯ ರೂಪವನ್ನು ಕಟ್ಟಿಕೊಡುವುದು ಈ ಪ್ರಕಾರದ ಲಕ್ಷಣವಾಗಿದೆ.

ಹಿನ್ನೆಲೆ

ನೆದರ್ಲೆಂಡ್ಸ್ ಬಹುಮಟ್ಟಿಗೆ ತಗ್ಗು ಪ್ರದೇಶ. ತೀವ್ರ ಚಳಿಯಲ್ಲಿ ಕಾಲುವೆಗಳು ಹೆಪ್ಪುಗಟ್ಟಿದಾಗ ದೋಣಿಸಂಚಾರ ನಿಂತು ಮಂಜುಗಡ್ಡೆಯೇ ದಾರಿಯಾಗುತ್ತಿತ್ತು. 17ನೆಯ ಶತಮಾನದಲ್ಲಿ, ಯುರೋಪಿನ 'ಕಿರು ಹಿಮಯುಗ'ದ ಅವಧಿಯಲ್ಲಿ, ಹೆಂಡ್ರಿಕ್ ಅವರ್‌ಕಾಂಪ್ (1585–1634) ಇಂಥ ದೃಶ್ಯಗಳಿಗೆ ಹೆಸರಾದನು. ರಮ್ಯ ಚಿತ್ರಕಾರರು ಆ ಶತಮಾನದ ಪರಂಪರೆಯನ್ನೇ ಮಾದರಿಯಾಗಿ ಸ್ವೀಕರಿಸಿದರು.

ಪ್ರಮುಖ ಚಿತ್ರಕಾರರು

ಹೇಗ್ ನಗರದ ಆಂಡ್ರಿಯಾಸ್ ಸ್ಕೆಲ್ಫೌಟ್ (1787–1870) ಈ ಪ್ರಕಾರದ ಅಗ್ರಗಣ್ಯ ಕಲಾವಿದ. ಚಿತ್ರಚೌಕಟ್ಟು ತಯಾರಕನ ಮಗನಾದ ಈತ ರಂಗಪರದೆಗಳ ಚಿತ್ರಕಾರನೊಬ್ಬನ ಬಳಿ ತರಬೇತಿ ಪಡೆದನು. ಚಾರ್ಲ್ಸ್ ಲೈಕರ್ಟ್ ಹಾಗೂ ಯೋಹಾನ್ ಯೊಂಗ್‌ಕಿಂಡ್ ಈತನ ಶಿಷ್ಯರು. ಬರೆಂಡ್ ಕಾರ್ನೆಲಿಸ್ ಕೂಕ್ಕೂಕ್ (1803–1862) ಹಿಮ ಹೊದ್ದ ಕಾಡು ಮತ್ತು ಬೃಹತ್ ಮರಗಳನ್ನು ಚಿತ್ರಿಸಿದನು. 1841ರಲ್ಲಿ ಜರ್ಮನಿಯ ಕ್ಲೇವ್ ಪಟ್ಟಣದಲ್ಲಿ ಚಿತ್ರಕಲಾ ಶಾಲೆಯನ್ನು ಸ್ಥಾಪಿಸಿದನು.

ರಚನಾ ವಿಧಾನ

ಹೊರಾಂಗಣದಲ್ಲಿ ಬರೆದುಕೊಂಡ ರೇಖಾಚಿತ್ರಗಳನ್ನು ಆಧರಿಸಿ ತೈಲವರ್ಣ ಚಿತ್ರಗಳನ್ನು ಚಿತ್ರಶಾಲೆಯಲ್ಲಿ ಪೂರ್ಣಗೊಳಿಸಲಾಗುತ್ತಿತ್ತು. ಹೀಗಾಗಿ ಬೇರೆ ಬೇರೆ ಸ್ಥಳಗಳ ಅಂಶಗಳು ಒಂದೇ ಚಿತ್ರದಲ್ಲಿ ಸೇರುವುದುಂಟು. ದಿಗಂತರೇಖೆಯನ್ನು ಕೆಳಗಿರಿಸಿ ಆಕಾಶಕ್ಕೆ ಹೆಚ್ಚಿನ ಸ್ಥಳ ನೀಡುವುದು ಸಾಮಾನ್ಯ ಕ್ರಮ. ಸ್ಕೇಟ್ ಕಟ್ಟಿಕೊಂಡವರು, ಜಾರುಬಂಡಿ ತಳ್ಳುವವರು, ಸೌದೆ ಹೊತ್ತವರು ಮತ್ತು ಮಂಜುಗಡ್ಡೆಯ ಮೇಲಿನ ತಿಂಡಿ ಅಂಗಡಿಗಳು ಚಿಕ್ಕ ಆಕಾರದಲ್ಲಿ ಕಾಣಿಸುತ್ತವೆ.

ಚಿತ್ರ ಮತ್ತು ವಾಸ್ತವ

ಈ ಚಿತ್ರಗಳು ರಚನೆಯಾದ ಕಾಲದಲ್ಲಿ ಗ್ರಾಮಜೀವನ ಅಷ್ಟು ಶಾಂತವಾಗಿರಲಿಲ್ಲ. 1839ರಲ್ಲಿ ಆಂಸ್ಟರ್‌ಡ್ಯಾಂ–ಹಾರ್ಲೆಂ ರೈಲುಮಾರ್ಗ ಆರಂಭವಾಯಿತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಬಡವರು ಹಸಿವಿಗೆ ತುತ್ತಾದರು. ಕೂಲಿಕಾರರಿಗೆ ಚಳಿಗಾಲವೆಂದರೆ ಕೆಲಸವಿಲ್ಲದ ತಿಂಗಳುಗಳು. ರಮ್ಯ ಚಿತ್ರಗಳಲ್ಲಿ ರೈಲಾಗಲಿ ಹಸಿವಾಗಲಿ ಕಾಣಿಸುವುದು ಅಪರೂಪ. ಸೌದೆ ಹೊರುವ ಶ್ರಮವೂ ದೃಶ್ಯದ ಸೊಬಗಿನ ಭಾಗವಾಗುತ್ತದೆ. ಆದ್ದರಿಂದ ಉಡುಪು, ಬಂಡಿ, ಕಟ್ಟಡಗಳ ವಿವರಗಳಿಗೆ ಇವು ಉಪಯುಕ್ತವಾದರೂ ಗ್ರಾಮಸ್ಥಿತಿಯ ನೇರ ಸಾಕ್ಷ್ಯಗಳಲ್ಲ. ಬದಲಾಗುತ್ತಿದ್ದ ಸಮಾಜವೊಂದು ತನ್ನ ಹಳ್ಳಿಯನ್ನು ಹೇಗೆ ನೆನೆಯಬಯಸಿತು ಎಂಬುದನ್ನು ಇವು ತಿಳಿಸುತ್ತವೆ.

ನಂತರದ ಬೆಳವಣಿಗೆ

ಶತಮಾನದ ಉತ್ತರಾರ್ಧದಲ್ಲಿ ಹೇಗ್ ಪಂಥದ ಯೋಸೆಫ್ ಇಸ್ರೇಲ್ಸ್, ಆಂಟನ್ ಮಾವ್ ಮೊದಲಾದವರು ಬೂದು ಬಣ್ಣದ ಆಕಾಶದಡಿ ದುಡಿಯುವ ರೈತರನ್ನೂ ಮೀನುಗಾರರನ್ನೂ ಚಿತ್ರಿಸಿದರು. 1846ರಲ್ಲಿ ಪ್ಯಾರಿಸ್‌ಗೆ ತೆರಳಿದ ಯೊಂಗ್‌ಕಿಂಡ್ ಡಚ್ ಚಳಿಗಾಲದ ದೃಶ್ಯಗಳನ್ನು ಸಡಿಲ ಕುಂಚಗತಿಯಲ್ಲಿ ಬರೆಯುವುದನ್ನು ಮುಂದುವರಿಸಿದನು. ಈತನ ಪ್ರಭಾವವನ್ನು ಇಂಪ್ರೆಷನಿಸ್ಟ್ ಕಲಾವಿದ ಕ್ಲಾಡ್ ಮೊನೆ ಸ್ಮರಿಸಿದ್ದಾನೆ.